ಟೆಂಪೊ ಕೊಳ್ಳುವ ಮುಂಚೆ ಇದನ್ನೊಮ್ಮೆ ಓದು

ಪ್ರೀತಿಯ ಶ್ರೀಧರ,

ಹಳೇ ಟೆಂಪೊ ಟ್ರಾವೆಲರ್ ಒಂದನ್ನು ಕೊಂಡು, ಒಳಗೆ ಮಂಚ, ಒಲೆ, ಸಿಂಕು, ಕಕ್ಕಸು ಎಲ್ಲ ಕೂರಿಸಿ ಮಲೆನಾಡು ಸುತ್ತುವ ಯೋಚನೆ ಇದೆ ಅಂತ ಬರೆದಿದ್ದೀಯ. ‘ನೀನು ಅಮೆರಿಕದಲ್ಲಿ ಆರ್‌ವಿ (ಒಳಗೇ ಮನೆ ಇರುವ ಗಾಡಿ) ಇಟ್ಟುಕೊಂಡು ಕಾಡುಮೇಡು ತಿರುಗ್ತೀಯಲ್ಲ, ಪರಿಸರಸ್ನೇಹಿ ಬದುಕು ಅಂದ್ರೆ ಅದೇ ತಾನೇ, ಹೇಗೆ ಅಂತ ಹೇಳು’ ಅಂತಲೂ ಕೇಳಿದ್ದೀಯ. ಫೋನಲ್ಲಿ ಶುರು ಮಾಡಿದರೆ ಅರ್ಧಕ್ಕೇ ‘ಆಯ್ತು ಬಿಡು ಮಾರಾಯ’ ಅಂತೀಯ. ಅದಕ್ಕೇ ಪತ್ರ. ಇದನ್ನೇ ಬೇರೆಯವರೂ ಕೇಳ್ತಿರೋದರಿಂದ, ನಿನ್ನ ಒಪ್ಪಿಗೆ ಪಡೆದು ಎಲ್ಲರ ಕಣ್ಣಿಗೂ ಬೀಳುವ ಹಾಗೆ ಹಾಕ್ತಿದ್ದೀನಿ.

ಮೊದಲು ಪೆಟ್ರೋಲಿನ ಲೆಕ್ಕ ಮುಗಿಸಿಬಿಡ್ತೀನಿ. ಆರ್‌ವಿ ಮಂದಿ ಇದನ್ನು ತಾವಾಗಿ ಬಾಯಿಬಿಡೋದು ಕಡಿಮೆ. ನಮ್ಮದು ‘ಕ್ಲಾಸ್ ಸಿ’ ಅನ್ನೋ ಜಾತಿ, ಡ್ರೈವರ್ ತಲೆ ಮೇಲಕ್ಕೆ ಒಂದು ಹಾಸಿಗೆ ಚಾಚಿಕೊಂಡಿರುವಂಥದ್ದು. ಉದ್ದ 24 ಅಡಿ. ಇಂಥ ಗಾಡಿ ಒಂದು ಗ್ಯಾಲನ್ನಿಗೆ, ಅಂದ್ರೆ 3.8 ಲೀಟರಿಗೆ, 8ರಿಂದ 10 ಮೈಲಿ ಓಡಿದರೆ ಪುಣ್ಯ. ನಿನ್ನ ಲೆಕ್ಕದಲ್ಲಿ ಲೀಟರಿಗೆ ನಾಲ್ಕು ಕಿಲೋಮೀಟರ್. ನಾವಿರುವ ಸಾಲ್ಟ್ ಲೇಕ್ ಸಿಟಿಯಿಂದ ಮೋಆಬ್ ಊರಿಗೆ ಸುಮಾರು 235 ಮೈಲಿ. ಹೋಗಿ ಬರೋದಕ್ಕೆ ಹತ್ತಿರ ಹತ್ತಿರ 50 ಗ್ಯಾಲನ್ ಕುಡಿಯುತ್ತೆ. ಒಂದು ಗ್ಯಾಲನ್ ಪೆಟ್ರೋಲ್ ಉರಿದರೆ 8.9 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತೆ. ಗುಣಿಸಿ ನೋಡು, ಒಂದು ಸಲದ ಪ್ರವಾಸಕ್ಕೆ 440 ಕೆಜಿ ದಾಟುತ್ತೆ. ಸಣ್ಣ ಕಾರಿನ ಡಿಕ್ಕಿಯಲ್ಲಿ ಟೆಂಟ್ ಹಾಕಿಕೊಂಡು ಹೊರಟವನು ನಮಗಿಂತ ಮೂರು ಪಾಲು ವಾಸಿ. ಹಿಂದುಗಡೆ ‘ಗೋ ಗ್ರೀನ್’ ಸ್ಟಿಕ್ಕರ್ ಅಂಟಿಸಿಕೊಂಡ ಬಸ್ಸಿನಂಥ ಆರ್‌ವಿ ಕಂಡಾಗೆಲ್ಲ ಜೊತೆಯಲ್ಲಿರುವ ಸುಮಾಗೆ ನಗು ತಡೆಯೋಕಾಗಲ್ಲ.

ಹಾಗಾಗಿ ನಮ್ಮ ಕಟ್ಟು ಒಂದೇ: ಒಂದು ಕಡೆ ಹೋದರೆ ಅಲ್ಲೇ ಠಿಕಾಣಿ. ದಿನಕ್ಕೊಂದು ಊರು ನೋಡುವ ಚಟ ಇರೋರಿಗೆ ಆರ್‌ವಿ ಬೇಡವೇ ಬೇಡ. ಗಾಡಿ ನಿಲ್ಲಿಸಿದ ಮೇಲೆ ಕಾಲು, ಇಲ್ಲಾ ಸೈಕಲ್ಲು.

ನಿಲ್ಲಿಸೋದೆಲ್ಲಿ ಅಂತ ಕೇಳು, ಅಲ್ಲಿದೆ ಅಮೆರಿಕದ ಅದೃಷ್ಟ. ಇಲ್ಲಿ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಅಂತ ಸರ್ಕಾರಿ ಇಲಾಖೆ ಇದೆ, ಎಲ್ಲರೂ ಬಿಎಲ್‌ಎಂ ಅಂತಾರೆ. ಅದರ ಕೈಯಲ್ಲಿರುವ ನೆಲ ಸುಮಾರು 24.5 ಕೋಟಿ ಎಕರೆ, ಅಂದ್ರೆ ಐದು ಕರ್ನಾಟಕ. ಅದರಲ್ಲಿ ಬಹುಪಾಲು ಕಡೆ, ಬೇಡ ಅಂತ ಬೋರ್ಡು ಇಲ್ಲದಿದ್ದರೆ, 28 ದಿನದಲ್ಲಿ 14 ದಿನ ಬಿಡಿಗಾಸು ಕೊಡದೆ ಇರಬಹುದು. ಆಮೇಲೆ ಜಾಗ ಖಾಲಿ ಮಾಡಬೇಕು. ನಲ್ಲಿ ಇಲ್ಲ, ಕರೆಂಟ್ ಇಲ್ಲ, ಅಂಗಡಿ ಇಲ್ಲ, ಎಷ್ಟೋ ಕಡೆ ಫೋನ್ ಸಿಗ್ನಲ್ಲೂ ಇಲ್ಲ. ಹೀಗಿರೋದಕ್ಕೆ ‘ಬೂನ್‌ಡಾಕಿಂಗ್’ ಅಂತಾರೆ. ನಾನು ನಿನಗೆ ಹೇಳಬೇಕಾದ ಸಂಗತಿ ಎಲ್ಲ ಇರೋದು ಇಲ್ಲೇ.

ನೀರಿಂದ ಶುರು ಮಾಡ್ತೀನಿ. ಗಾಡಿ ಹೊಟ್ಟೆಯಲ್ಲಿ ಮೂರು ಟ್ಯಾಂಕು. ಒಳ್ಳೇ ನೀರಿನದು ಫ್ರೆಶ್, ಪಾತ್ರೆ-ಸ್ನಾನದ ನೀರು ಹೋಗೋದು ಗ್ರೇ, ಕಕ್ಕಸಿನದು ಬ್ಲ್ಯಾಕ್. ಫ್ರೆಶ್ ಟ್ಯಾಂಕ್ 40 ಗ್ಯಾಲನ್, ಅಂದ್ರೆ 150 ಲೀಟರ್. ಅಮೆರಿಕದ ಒಬ್ಬ ಮನುಷ್ಯ ಮನೆಯಲ್ಲಿ ದಿನಕ್ಕೆ ಸರಾಸರಿ 82 ಗ್ಯಾಲನ್ ಬಳಸ್ತಾನೆ ಅಂತ ಇಲ್ಲಿನ ಪರಿಸರ ಇಲಾಖೆಯೇ ಹೇಳುತ್ತೆ, ಹತ್ತಿರ ಹತ್ತಿರ 310 ಲೀಟರ್. ನಾವಿಬ್ಬರು ಅವನ ಅರ್ಧ ದಿನದ ನೀರಿನಲ್ಲಿ ಐದು ದಿನ ಕಳೀತೀವಿ. ತಲೆಗೆ ದಿನಕ್ಕೆ 15 ಲೀಟರ್, ಕುಡಿಯೋದು, ಅಡುಗೆ, ಪಾತ್ರೆ, ಮೈ ತೊಳೆಯೋದು ಎಲ್ಲ ಸೇರಿ.

ಹೇಗೆ ಅಂತೀಯಾ? ಮೈ ಒದ್ದೆ ಮಾಡ್ಕೋ, ನಲ್ಲಿ ನಿಲ್ಲಿಸು, ಸೋಪು ಹಚ್ಚು, ಮತ್ತೆ ಬಿಡು. ಬಿಸಿನೀರು ಬರುವವರೆಗೆ ಸುರಿಯುವ ತಣ್ಣೀರನ್ನು ಪಾತ್ರೆಗೆ ಹಿಡಿ, ಅದರಲ್ಲೇ ಅಕ್ಕಿ ತೊಳಿ, ಆ ಅಕ್ಕಚ್ಚಿನಲ್ಲಿ ತಟ್ಟೆ ಮೊದಲ ಸಲ ತೊಳಿ. ತಟ್ಟೆಯನ್ನು ಬೆರಳಲ್ಲಿ ಬಳಿದು ತಿಂದಿದ್ದರೆ ಅರ್ಧ ಕೆಲಸ ಆಗಲೇ ಮುಗಿದಿರುತ್ತೆ. ಇದರಲ್ಲಿ ಹೊಸದೇನಿಲ್ಲ. ಏಪ್ರಿಲ್‌ನಲ್ಲಿ ಬಾವಿ ತಳ ಕಂಡಾಗ ನಿಮ್ಮಮ್ಮ ಮಾಡ್ತಿದ್ದಿದ್ದೂ ಇದನ್ನೇ ಅಲ್ವಾ. ಸಿಂಕಿನ ಪಕ್ಕದ ಗೋಡೆಯಲ್ಲಿ ನಾಲ್ಕು ಪುಟ್ಟ ದೀಪ ಇವೆ, ಟ್ಯಾಂಕಿನಲ್ಲಿ ಎಷ್ಟು ಉಳಿದಿದೆ ಅಂತ ತೋರಿಸೋಕೆ. ಊರಲ್ಲಿ ಬ್ಯಾಂಕ್ ಪಾಸ್‌ಬುಕ್ಕನ್ನೂ ನಾನು ಅಷ್ಟು ಸಲ ನೋಡಿದವನಲ್ಲ.

ಇಷ್ಟೊಂದು ಯಾಕೆ ಅಂದ್ರೆ, ಮೋಆಬ್ ಸುತ್ತ ವರ್ಷವಿಡೀ ಬೀಳೋದು 200ರಿಂದ 250 ಮಿಲಿಮೀಟರ್ ಮಳೆ. ಆಗುಂಬೆಯಲ್ಲಿ ಆಷಾಢದ ಒಂದು ಒಳ್ಳೇ ದಿನಕ್ಕೆ ಅದು ಮುಗಿದುಹೋಗುತ್ತೆ. ಡೆಡ್ ಹಾರ್ಸ್ ಪಾಯಿಂಟ್ ಅಂತ ಒಂದು ಸ್ಟೇಟ್ ಪಾರ್ಕ್ ಇದೆ, ಕೊಲೊರಾಡೊ ನದಿಗಿಂತ 2,000 ಅಡಿ ಎತ್ತರದ ಬಂಡೆಯ ನೆತ್ತಿ. ನದಿ ಕೆಳಗೆ ಕಣ್ಣಿಗೆ ಕಾಣ್ತಾನೇ ಇರುತ್ತೆ, ಆದರೆ ಪಾರ್ಕಿನ ನೀರು ಬರೋದು ಮೋಆಬಿನಿಂದ ಲಾರಿಯಲ್ಲಿ.

ಆ ನದಿ ಬಗ್ಗೆ ನಿನಗೊಂದು ಮಾತು ಹೇಳಲೇಬೇಕು, ಕಾವೇರಿ ಅಂದ್ರೆ ಪೇಪರು ಬಿಡದೆ ಓದೋನು ನೀನು. ಏಳು ರಾಜ್ಯಗಳು ಕೊಲೊರಾಡೊ ನೀರನ್ನು ಹಂಚಿಕೊಂಡಿದ್ದು 1922ರಲ್ಲಿ, ಮೈಸೂರು-ಮದ್ರಾಸಿನ ಒಪ್ಪಂದಕ್ಕೆ ಎರಡು ವರ್ಷ ಮುಂಚೆ. ಮೇಲಿನವರಿಗೆ 75 ಲಕ್ಷ ಎಕರೆ-ಅಡಿ, ಕೆಳಗಿನವರಿಗೆ ಅಷ್ಟೇ. ಟಿಎಂಸಿಗೆ ತಿರುಗಿಸಿದರೆ ಒಟ್ಟು ಸುಮಾರು 650. 1944ರಲ್ಲಿ ಮೆಕ್ಸಿಕೊಗೆ ಕೊಟ್ಟ ಪಾಲು ಸೇರಿಸಿದರೂ 720 ಆಸುಪಾಸು. ನಮ್ಮ ಕಾವೇರಿಯ ನೀರನ್ನು ನ್ಯಾಯಮಂಡಳಿ 2007ರಲ್ಲಿ ಲೆಕ್ಕ ಹಾಕಿದ್ದು 740 ಟಿಎಂಸಿ! 2,300 ಕಿಲೋಮೀಟರ್ ಹರಿಯುವ, ಗ್ರ್ಯಾಂಡ್ ಕ್ಯಾನಿಯನ್ ಕೊರೆದ ನದಿಯ ಹಂಚಿಕೆ ನಮ್ಮ ಕಾವೇರಿಯ ನೀರಿಗಿಂತ ಕಡಿಮೆ. ಅದೂ ಮಳೆ ಚೆನ್ನಾಗಿದ್ದ ವರ್ಷಗಳ ಅಳತೆ ನಂಬಿ ಬರೆದ ಹಂಚಿಕೆ. ಅಷ್ಟು ನೀರು ನದಿಯಲ್ಲಿ ಈಗ ಇಲ್ಲ. ನಾಲ್ಕು ಕೋಟಿ ಜನ ಅದನ್ನು ನಂಬಿದ್ದಾರೆ, ಸಮುದ್ರದವರೆಗೆ ನದಿ ಮುಟ್ಟೋದೇ ಅಪರೂಪ. ಇದು ತಲೆಯಲ್ಲಿದ್ದಾಗ ಷವರ್ ಕೆಳಗೆ ಹಾಡು ಹೇಳ್ಕೊಂಡು ನಿಲ್ಲೋಕೆ ಮನಸ್ಸು ಬರಲ್ಲ.

ಕರೆಂಟಿನ ಕಥೆ ಚಿಕ್ಕದು. ಮಾಡಿನ ಮೇಲೆ 200 ವಾಟಿನ ಸೋಲಾರ್, ಒಳಗೆ ಒಂದು ಲಿಥಿಯಂ ಬ್ಯಾಟರಿ. ದೀಪ, ಫೋನು, ನೀರಿನ ಪಂಪು, ಫ್ಯಾನು ನಡೆಯುತ್ತೆ. ಎಸಿ, ಮಿಕ್ಸಿ ಕೇಳಬೇಡ. ಚಟ್ನಿಗೆ ಕುಟ್ಟಾಣಿ ಇದೆ. ಕೆಲವರು ಜನರೇಟರ್ ಇಟ್ಟುಕೊಂಡು ಬೆಳಗಿಂದ ಸಂಜೆವರೆಗೆ ಗುರ್ ಅನ್ನಿಸ್ತಾರೆ, ಅವರ ಪಕ್ಕ ನಾವು ನಿಲ್ಲೋದಿಲ್ಲ.

ಒಲೆ ಪ್ರೊಪೇನ್ ಗ್ಯಾಸಿನದು. ಒಗ್ಗರಣೆ ಹಾಕಿದರೆ ಹೊಗೆ ಅಲಾರಂ ಕಿರುಚಿಕೊಳ್ಳುತ್ತೆ, ಅದಕ್ಕೇ ಒಗ್ಗರಣೆ ಮಾತ್ರ ಹೊರಗೆ ಪುಟ್ಟ ಸ್ಟವ್ ಮೇಲೆ. ಬ್ರೈಸ್ ಕ್ಯಾನಿಯನ್ ಅಂಚು ಸಮುದ್ರಮಟ್ಟಕ್ಕಿಂತ 8,000 ಅಡಿ ಮೇಲಿದೆ, ಅಲ್ಲಿ ನೀರು 92 ಡಿಗ್ರಿಗೇ ಕುದಿಯೋಕೆ ಶುರು. ಬರೀ ಪಾತ್ರೆಯಲ್ಲಿಟ್ಟರೆ ಬೇಳೆ ಮೆತ್ತಗಾಗೋಕೆ ತುಂಬ ಹೊತ್ತು ಬೇಕು. ನಮ್ಮ ಕುಕ್ಕರ್ ಸೀಟಿ ಹೊಡೆದಾಗ ಪಕ್ಕದ ಗಾಡಿಯ ಅಜ್ಜ-ಅಜ್ಜಿ ಓಡಿ ಬಂದು ‘ಎಲ್ಲ ಕ್ಷೇಮವೇ?’ ಅಂತ ವಿಚಾರಿಸಿದ್ದರು. ಆಮೇಲೆ ಸಾರು ಕುಡಿದೇ ಹೋದರು.

ಈಗ ಬ್ಲ್ಯಾಕ್ ಟ್ಯಾಂಕ್. ಊಟ ಮಾಡ್ತಾ ಓದ್ತಿದ್ದರೆ ಆಮೇಲೆ ಓದು. ಅದು ತುಂಬಿದಾಗ ‘ಡಂಪ್ ಸ್ಟೇಷನ್’ ಹುಡುಕಿ ಹೋಗಬೇಕು. ಕ್ಯಾಂಪ್‌ಗ್ರೌಂಡುಗಳಲ್ಲಿ, ಕೆಲವು ಪೆಟ್ರೋಲ್ ಬಂಕುಗಳಲ್ಲಿ ಇರುತ್ತೆ. ಕೈಗವಸು ಹಾಕಿ, ದಪ್ಪ ಪೈಪು ಜೋಡಿಸಿ, ಮೊದಲು ಬ್ಲ್ಯಾಕ್ ಬಿಟ್ಟು ಆಮೇಲೆ ಗ್ರೇ ಬಿಡೋದು. ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತೆ. ವಾಸನೆಗೆ ಹಾಕುವ ಫಾರ್ಮಾಲ್ಡಿಹೈಡ್ ಇರುವ ಔಷಧಿ ಸೆಪ್ಟಿಕ್ ಟ್ಯಾಂಕಿನ ಒಳ್ಳೇ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತೆ, ಹಾಗಾಗಿ ಎಂಜೈಮಿನ ಪುಡಿ ಹಾಕ್ತೀವಿ. ಟೆಂಟಿನವರಿಗೂ ಇಲ್ಲಿ ಬಿಡುಗಡೆ ಇಲ್ಲ. ನಮ್ಮ ಕಡೆ ಏನು ಬಿದ್ದರೂ ಎರಡು ಮಳೆಗೆ ಮಣ್ಣಾಗುತ್ತೆ. ಈ ಒಣ ನೆಲದಲ್ಲಿ ಹೂತಿಟ್ಟ ಕಾಗದವೂ ವರ್ಷಗಟ್ಟಲೆ ಹಾಗೇ ಇರುತ್ತೆ. ಹಾಗಾಗಿ ಮೋಆಬ್ ಸುತ್ತಲಿನ ಹಲವು ಕಡೆ ಕ್ಯಾಂಪ್ ಮಾಡೋರು ತಮ್ಮ ಕಕ್ಕಸಿನ ವ್ಯವಸ್ಥೆ ತಾವೇ ತಂದು, ತಾವೇ ಹೊತ್ತು ವಾಪಸ್ ಹೋಗಬೇಕು ಅನ್ನೋ ನಿಯಮ ಇದೆ. ಸೌದೆ ಆರಿಸೋದಕ್ಕೂ ಅಲ್ಲಿ ನಿಷೇಧ.

ಆದರೆ ನನ್ನನ್ನು ನಿಜವಾಗಿ ತಿದ್ದಿದ್ದು ಅಲ್ಲಿನ ಮಣ್ಣು. ಆರ್ಚಸ್, ಕ್ಯಾನಿಯನ್‌ಲ್ಯಾಂಡ್ಸ್ ಪಾರ್ಕುಗಳಲ್ಲಿ ಕೆಂಪು ಮರಳಿನ ಮೇಲೆ ಕಪ್ಪಗೆ, ಉಬ್ಬುಬ್ಬಾಗಿ ಒಂದು ಹೊದಿಕೆ ಕಾಣುತ್ತೆ. ಮಳೆಗಾಲದಲ್ಲಿ ನಮ್ಮ ಮನೆ ಪಾಗಾರದ ಮೇಲೆ ಕಟ್ಟುವ ಪಾಚಿಯ ಒಣ ದಾಯಾದಿ ಅಂದುಕೋ. ಸಯನೋಬ್ಯಾಕ್ಟೀರಿಯಾ, ಕಲ್ಲುಹೂವು, ಹಾವಸೆ ಎಲ್ಲ ಹೆಣೆದುಕೊಂಡ ಜೀವಂತ ಪದರ. ಗಾಳಿಗೆ ಮರಳು ಹಾರದಂತೆ ಹಿಡಿಯೋದು, ಬಿದ್ದ ನಾಲ್ಕು ಹನಿ ಇಂಗಿಸೋದು, ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸೋದು ಎಲ್ಲ ಅದೇ. ಒಂದು ಬೂಟುಕಾಲು ಬಿತ್ತೋ, ಮತ್ತೆ ಮೊದಲಿನಂತಾಗೋಕೆ ದಶಕಗಳು ಬೇಕು. ಹಾಗಾಗಿ ಅಲ್ಲಿ ನಡೆಯೋದು ದಾರಿಯ ಮೇಲೆ, ಬರಿಬಂಡೆಯ ಮೇಲೆ, ಇಲ್ಲಾ ಒಣಗಿದ ಹಳ್ಳದ ಮರಳಲ್ಲಿ. ಗಾಡಿಯನ್ನೂ ಹಿಂದಿನವರು ನಿಲ್ಲಿಸಿದ ಗುರುತಿರುವ ಕಡೆಯೇ ನಿಲ್ಲಿಸಬೇಕು. ಫೋಟೊ ಚೆನ್ನಾಗಿ ಬರುತ್ತೆ ಅಂತ ಹೊಸ ಜಾಗಕ್ಕೆ ಚಕ್ರ ಇಳಿಸುವವರನ್ನು ಕಂಡರೆ ಮೈ ಉರಿಯುತ್ತೆ.

ಸಾಹಸದ ಪಟ್ಟಿ ಕೇಳಿದ್ದೀಯ. ಡೆಲಿಕೇಟ್ ಆರ್ಚ್ ಅನ್ನೋ ಕಲ್ಲಿನ ಕಮಾನಿನವರೆಗೆ ಹತ್ತೋದಕ್ಕೆ ಹೋಗಿ ಬಂದು ಮೂರು ಮೈಲಿ, ಎಲ್ಲೂ ನೆರಳಿಲ್ಲ, ಆದರೂ ಬಿಡಬಾರದು. ಕೊಲೊರಾಡೊದಲ್ಲಿ ರಾಫ್ಟಿಂಗ್, ಫಿಶರ್ ಟವರ್ಸ್ ಕಡೆಯ ಮೆತ್ತನೆ ಭಾಗ ನಿನ್ನಂಥ ಈಜು ಬಾರದವನಿಗೆ ಸಾಕು. ಗೂಸ್‌ನೆಕ್ಸ್ ಅನ್ನೋ ಕಡೆ ಸ್ಯಾನ್ ಹುವಾನ್ ನದಿ ಸಾವಿರ ಅಡಿ ಆಳದಲ್ಲಿ ಸುತ್ತಿ ಸುತ್ತಿ, ಒಂದೂವರೆ ಮೈಲಿ ಮುಂದೆ ಸಾಗೋಕೆ ಆರು ಮೈಲಿ ಹರಿಯುತ್ತೆ. ಕೊರಕಲುಗಳ ಒಳಗೆ ಇಳಿಯುವ ಮುಂಚೆ ಮಾತ್ರ ಹವಾಮಾನ ನೋಡಲೇಬೇಕು: ನಮ್ಮ ತಲೆ ಮೇಲೆ ನೀಲಿ ಆಕಾಶ ಇದ್ದರೂ ಎಲ್ಲೋ ದೂರದ ಮಳೆಗೆ ನೆರೆ ನುಗ್ಗುತ್ತೆ. ರಾತ್ರಿಗೆ ನ್ಯಾಚುರಲ್ ಬ್ರಿಜಸ್. 2007ರಲ್ಲಿ ಜಗತ್ತಿನ ಮೊದಲ ‘ಡಾರ್ಕ್ ಸ್ಕೈ ಪಾರ್ಕ್’ ಅಂತ ಹೆಸರು ಪಡೆದ, ದೀಪಗಳ ಬೆಳಕಿಲ್ಲದ ಕಗ್ಗತ್ತಲ ಆಕಾಶದ ಜಾಗ. ಅಲ್ಲಿನ ಕ್ಯಾಂಪಿನಲ್ಲಿ 26 ಅಡಿಗಿಂತ ಉದ್ದದ ಗಾಡಿಗೆ ಪ್ರವೇಶ ಇಲ್ಲ. ನಾವು 24 ಅಡಿಯದ್ದೇ ಹುಡುಕಿ ಕೊಂಡಿದ್ದಕ್ಕೆ ಅದೂ ಒಂದು ಕಾರಣ.

ಈಗ ನಿನ್ನ ಟೆಂಪೊ. ನನ್ನನ್ನು ಕೇಳಿದರೆ, ಈ ರೂಪದಲ್ಲಿ ಬೇಡ. ಇಲ್ಲಿ ಆರ್‌ವಿ ಬದುಕಿಗೆ ಒಂದಿಷ್ಟು ಮರ್ಯಾದೆ ಇದ್ದರೆ ಅದು ಡಂಪ್ ಸ್ಟೇಷನ್ನಿನಿಂದ, ನೀರು ತುಂಬಿಸುವ ನಲ್ಲಿಯಿಂದ, ಇಂತಿಷ್ಟು ದಿನ ಇಲ್ಲಿರು ಅಂತ ಹೇಳುವ ಕಾನೂನಿನಿಂದ. ನೀನು ಟೆಂಪೊದಲ್ಲಿ ಬ್ಲ್ಯಾಕ್ ಟ್ಯಾಂಕ್ ಕೂರಿಸಿದರೆ ಅದನ್ನು ಎಲ್ಲಿ ಖಾಲಿ ಮಾಡ್ತೀಯ? ಹಳ್ಳಕ್ಕಾ? ಆ ಹಳ್ಳ ಶರಾವತಿಗೆ ಸೇರುತ್ತೆ, ನಿಮ್ಮೂರಿನವರೇ ಕುಡಿಯೋದು. ಶರಾವತಿ ಕಣಿವೆ ಅಭಯಾರಣ್ಯ, ಕೊಡಚಾದ್ರಿ ಮೂಕಾಂಬಿಕಾ ಅಭಯಾರಣ್ಯದೊಳಗೆ. ಕಂಡಲ್ಲಿ ಗಾಡಿ ನಿಲ್ಲಿಸಿ ರಾತ್ರಿ ಕಳೆಯೋಕೆ ಅರಣ್ಯ ಇಲಾಖೆ ಬಿಡಲ್ಲ, ಬಿಡಲೂಬಾರದು. ಗಾಡಿಯ ರೂಪ ಬದಲಿಸೋಕೆ ಆರ್‌ಟಿಒ ಒಪ್ಪಿಗೆ ಬೇರೆ ಬೇಕು.

ಕಕ್ಕಸು, ಷವರ್ ಬಿಟ್ಟುಬಿಡು. ಸಣ್ಣ ವ್ಯಾನಾದರೆ ಸಾಕು. ಒಂದು ಹಾಸಿಗೆ, ಗ್ಯಾಸ್ ಸ್ಟವ್, 20 ಲೀಟರಿನ ಎರಡು ಕ್ಯಾನು, ಮೇಲೊಂದು ಸೋಲಾರ್ ಹಲಗೆ. ತೋಟದ ಮನೆಯವರ, ಹೋಂಸ್ಟೇಯವರ ಅಂಗಳದಲ್ಲಿ ನಿಲ್ಲಿಸಿ, ಅವರಿಗೆ ದುಡ್ಡು ಕೊಟ್ಟು ಬಚ್ಚಲು ಬಳಸು. ಹಂಡೆಯ ಬಿಸಿನೀರು ಸಿಗುತ್ತೆ, ಅದು ಇಲ್ಲಿನ ಯಾವ ಆರ್‌ವಿಯಲ್ಲೂ ಇಲ್ಲ. ಒಂದೇ ಕಡೆ ನಾಲ್ಕು ದಿನ ಇದ್ದು ಸೈಕಲ್ಲಲ್ಲಿ ಸುತ್ತು. ಹೊಸದಾಗಿ ಗಾಡಿ ಕೊಳ್ಳೋದಕ್ಕಿಂತ ಬಸ್ಸು ಹಿಡಿದು ಹೋದರೆ ಇನ್ನೂ ಒಳ್ಳೇದು ಅಂತ ಸುಮಾ ಅಂತಾಳೆ. ಅವಳ ಮಾತು ತೆಗೆದುಹಾಕುವ ಹಾಗಿಲ್ಲ.

ಕೊನೇ ತೀರ್ಮಾನಕ್ಕೆ ಮುಂಚೆ ಇಲ್ಲಿಗೆ ಬಂದು ಒಂದು ಸಲ ಈ ಗಾಡಿಯಲ್ಲಿ ಇದ್ದು ನೋಡು. ಅಕ್ಟೋಬರ್ ಒಳ್ಳೇದು: ಹಗಲು ಹಿತವಾದ ಬಿಸಿಲು, ರಾತ್ರಿ ಸ್ವೆಟರ್ ಚಳಿ. 2026ರ ಜನವರಿಯಿಂದ ಹೊರದೇಶದವರಿಗೆ ಜಾಯನ್, ಬ್ರೈಸ್‌ನಂಥ 11 ದೊಡ್ಡ ಪಾರ್ಕುಗಳಲ್ಲಿ ತಲೆಗೆ 100 ಡಾಲರ್ ಹೆಚ್ಚುವರಿ ಶುಲ್ಕ ಇಟ್ಟಿದ್ದಾರೆ. ಆರ್ಚಸ್, ಕ್ಯಾನಿಯನ್‌ಲ್ಯಾಂಡ್ಸ್ ಆ ಪಟ್ಟಿಯಲ್ಲಿಲ್ಲ, ಹಾಗಾಗಿ ಆ ಕಡೆಗೇ ಹೋಗೋಣ. ವೀಸಾ ಅರ್ಜಿ ಈಗಲೇ ಹಾಕು. ಬರುವಾಗ ಮೂರು ಲೀಟರ್ ಕುಕ್ಕರಿನ ಎರಡು ಗ್ಯಾಸ್ಕೆಟ್, ಸ್ವಲ್ಪ ಅಪ್ಪೆಮಿಡಿ ತಾ. ಉಪ್ಪಿನಕಾಯಿ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ಎಣ್ಣೆ ಸೋರಿದರೆ ಬಟ್ಟೆ ತೊಳೆಯೋಕೆ ಇಲ್ಲಿ ನೀರಿಲ್ಲ. ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ,
ರಾಘು