ಗ್ಲೆನ್ ಕ್ಯಾಂಪ್‌ಬೆಲ್ ಅವರಿಗೆ, ಒಬ್ಬ ಲೈನ್‌ಮನ್ ಮಗಳಿಂದ

ಮೊನ್ನೆ ಅಪ್ಪನ ವರ್ಷದ ಕಾರ್ಯ ಮುಗಿಯಿತು. ಮರೆವಿನ ಕಾಯಿಲೆಯ ನಾಲ್ಕು ವರ್ಷ ಅವರನ್ನು ನಮ್ಮ ಜೊತೆ ನೋಡಿಕೊಂಡ ಎಲ್ಲರಿಗೂ ಅವತ್ತೇ ಕೈಮುಗಿದೆ. ರಾತ್ರಿಯಿಡೀ ಪಕ್ಕದಲ್ಲಿ ಕೂತಿರುತ್ತಿದ್ದ ಚಿಕ್ಕಪ್ಪನಿಗೆ, ಅಪ್ಪ ಗೇಟು ದಾಟಿದಾಗಲೆಲ್ಲ ಕೈಹಿಡಿದು ಮನೆಗೆ ತಂದುಬಿಡುತ್ತಿದ್ದ ಮೂಲೆ ಅಂಗಡಿಯವರಿಗೆ. ಒಬ್ಬರಿಗೆ ಮಾತ್ರ ಬಾಕಿ ಉಳಿಯಿತು. ಅಮೆರಿಕದ ಗಾಯಕ ಗ್ಲೆನ್ ಕ್ಯಾಂಪ್‌ಬೆಲ್. ಅವರು ತೀರಿಕೊಂಡಿದ್ದು 2017ರಲ್ಲಿ. ಆದರೂ ಹೇಳದೆ ಇರಲಾರೆ.

ಅಪ್ಪ ಲೈನ್‌ಮನ್ ಆಗಿದ್ದರು. ಅದಕ್ಕೇ 'ವಿಚಿಟಾ ಲೈನ್‌ಮನ್' ಅನ್ನೋ ಹೆಸರು ಕಣ್ಣಿಗೆ ಬಿತ್ತು. ಜಿಮ್ಮಿ ವೆಬ್ ಬರೆದ ಹಾಡು, ಗ್ಲೆನ್ ಹಾಡಿದ್ದು 1968ರಲ್ಲಿ. ಕಂಬ ಹತ್ತುವವರ ಮೇಲೂ ಇಷ್ಟು ಚಂದದ ಹಾಡಿದೆಯಲ್ಲ ಅಂತ ಕಣ್ಣು ತುಂಬಿತು. ಆಮೇಲೆ ಅವರ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ.

ಆರ್ಕನ್ಸಾದ ಬಡ ರೈತನ ಹನ್ನೆರಡು ಮಕ್ಕಳಲ್ಲಿ ಒಬ್ಬರು. ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಕಿವಿಯೊಂದನ್ನೇ ನಂಬಿ ಲಾಸ್ ಏಂಜಲೀಸಿನ ಸ್ಟುಡಿಯೋಗಳಲ್ಲಿ ಫ್ರ್ಯಾಂಕ್ ಸಿನಾತ್ರಾ ಅಂಥವರಿಗೆ ಗಿಟಾರ್ ನುಡಿಸಿದರು. 1969ರಿಂದ 1972ರವರೆಗೆ ಸಿಬಿಎಸ್ ಟೀವಿಯಲ್ಲಿ 'ಗ್ಲೆನ್ ಕ್ಯಾಂಪ್‌ಬೆಲ್ ಗುಡ್‌ಟೈಮ್ ಅವರ್' ನಡೆಸಿಕೊಟ್ಟರು. ಹಾಡು, ಹಾಸ್ಯ, ಅತಿಥಿಗಳು, ಎಲ್ಲ ಇದ್ದ ಕಾರ್ಯಕ್ರಮ. ಅದರ ಹಳೆಯ ತುಣುಕುಗಳಲ್ಲಿ ನನಗೆ ಜಾಸ್ತಿ ಇಷ್ಟವಾಗಿದ್ದು ಅವರ ಬೆರಳು.

2011ರಲ್ಲಿ ತಮಗೆ ಆಲ್ಝೈಮರ್ ಅನ್ನೋ ಮರೆವಿನ ಕಾಯಿಲೆ ಇದೆ ಅಂತ ಊರಿಗೆಲ್ಲ ಹೇಳಿದರು. ಹೇಳಿ ಮನೆಯಲ್ಲಿ ಕೂರಲಿಲ್ಲ. ವಿದಾಯದ ಪ್ರವಾಸ ಹೊರಟು 151 ಕಾರ್ಯಕ್ರಮ ಕೊಟ್ಟರು. ಮೂವರು ಮಕ್ಕಳು ಅವರ ತಂಡದಲ್ಲೇ ಇದ್ದರು. ಸಾಲು ಮರೆತರೆ ಓದಿಕೊಳ್ಳಲು ಎದುರಿಗೊಂದು ಪರದೆ. ಒಂದು ವಿಡಿಯೋದಲ್ಲಿ ಮಗಳು ಆಶ್ಲಿ ಬ್ಯಾಂಜೋ ಹಿಡಿದು ಸವಾಲು ಹಾಕುತ್ತಾಳೆ, ಅಪ್ಪ ಗಿಟಾರಿನಲ್ಲಿ ಜವಾಬು ಕೊಡುತ್ತಾರೆ. ಬೆರಳಿಗೆ ಮರೆವೇ ಇಲ್ಲ!

ನಾವು ಅಷ್ಟೊತ್ತಿಗೆ ಅಪ್ಪನ ಕೈಯಿಂದ ಎಲ್ಲ ಕಿತ್ತಿಟ್ಟಿದ್ದೆವು. ಏನು ಮುಟ್ಟಿದರೂ 'ಸುಮ್ನೆ ಕೂತ್ಕೊಳ್ಳಿ ಅಪ್ಪ' ಅನ್ನುವುದೊಂದೇ. ಆ ವಿಡಿಯೋ ನೋಡಿದ ಮರುದಿನ ಅವರ ಹಳೆಯ ಕಟಿಂಗ್ ಪ್ಲೇಯರ್, ಎರಡು ತುಂಡು ವೈರ್ ತಂದು ಮುಂದಿಟ್ಟೆ. ನನ್ನ ಹೆಸರು ಹೇಳಲಾಗದ ಅಪ್ಪ ವೈರಿನ ಮೇಲಿನ ಪ್ಲಾಸ್ಟಿಕ್ ಸುಲಿದರು. ತಾಮ್ರದ ಎಳೆಗಳನ್ನು ಬಿಗಿಯಾಗಿ ಹೊಸೆದು, ತುದಿ ಮಡಚಿ, ಎರಡು ಸಲ ಎಳೆದು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಕರೆಂಟ್ ಬಂತಾ ನೋಡಮ್ಮ" ಅಂದರು.

"ಬಂತು ಅಪ್ಪ" ಅಂದೆ.

ಅವತ್ತಿಂದ ಎರಡು ವರ್ಷ ದಿನಾ ಬೆಳಗ್ಗೆ ಕಾಫಿ ಆದಮೇಲೆ ಅಪ್ಪ ಕೆಲಸಕ್ಕೆ ಕೂರುತ್ತಿದ್ದರು. ಅವರು ಜೋಡಿಸಿದ ವೈರುಗಳು ಒಂದು ಡಬ್ಬಿ ತುಂಬ ಈಗಲೂ ಇವೆ. ಆ ಎರಡು ವರ್ಷಕ್ಕೆ ನಿಮಗೆ ಥ್ಯಾಂಕ್ಸ್, ಗ್ಲೆನ್ ಸರ್. ಏನನ್ನೂ ಮುಚ್ಚಿಡದೆ ಕ್ಯಾಮೆರಾ ಮುಂದೆ ನಿಮ್ಮ ಪಕ್ಕ ನಿಂತ ನಿಮ್ಮ ಹೆಂಡತಿ ಕಿಮ್ ಅವರಿಗೂ, ಮಕ್ಕಳಿಗೂ.