ಸೋಪಿನ ಪ್ರಶ್ನೆ ಕೇಳಿದವರಿಗೆ

ನನ್ನ ಬೆನ್ನುಹುರಿಯ ಶಸ್ತ್ರಚಿಕಿತ್ಸೆಗೆ ನಿನ್ನೆ ಒಂದು ವರ್ಷ ತುಂಬಿತು. ಮೂರು ಮಹಡಿಗಳನ್ನು ಕಂಬಿ ಹಿಡಿಯದೆ ಹತ್ತಿದೆ. ಹತ್ತಿದ ಮೇಲೆ ಸುಮ್ಮನಿರಲು ಮನಸ್ಸಾಗಲಿಲ್ಲ.

ಮೊದಲ ನಮಸ್ಕಾರ ಹೊರರೋಗಿ ವಿಭಾಗದ ಆ ಕಿರಿಯ ವೈದ್ಯೆಗೆ. ಕಾಲು ಮರಗಟ್ಟುತ್ತದೆ, ಎದೆಯ ಸುತ್ತ ಪಟ್ಟಿ ಬಿಗಿದಂತಾಗುತ್ತದೆ ಎಂದು ಹೇಳಿಕೊಂಡು ಎಂಟು ತಿಂಗಳು ಅಲೆದಿದ್ದೆ. ನಿಶ್ಶಕ್ತಿ ಎಂದವರಿದ್ದರು, ಮನಸ್ಸಿನ ಒತ್ತಡ ಎಂದವರೂ ಇದ್ದರು. ಸೊಂಟದ ಸ್ಕ್ಯಾನಿನಲ್ಲಿ ಏನೂ ಸಿಕ್ಕಿರಲಿಲ್ಲ. ಈಕೆ ಕೇಳಿದ್ದೇ ಬೇರೆ: “ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ತೂರಾಡಿದಂತಾಗುತ್ತದೆಯೇ?” ಆಗುತ್ತಿತ್ತು. ಅದೂ ಒಂದು ಲಕ್ಷಣವೆಂದು ನನಗೆ ಹೊಳೆದಿರಲಿಲ್ಲ. ಕಾಲು ಎಲ್ಲಿದೆ ಎಂಬ ಸುದ್ದಿಯನ್ನು ಮಿದುಳಿಗೆ ಒಯ್ಯುವ ನರತಂತುಗಳು ಬೆನ್ನುಹುರಿಯ ಹಿಂಭಾಗದಲ್ಲಿ ಸಾಗುತ್ತವೆ. ಅವು ಸೋತರೆ ಕಣ್ಣು ಆ ಕೊರತೆಯನ್ನು ತುಂಬುತ್ತದೆ. ಕಣ್ಣು ಮುಚ್ಚಿದೊಡನೆ ದೇಹ ವಾಲುತ್ತದೆ. 19ನೇ ಶತಮಾನದ ಜರ್ಮನ್ ವೈದ್ಯ ಮೊರಿಟ್ಜ್ ರಾಂಬರ್ಗ್ ಹೆಸರಿನ ಪರೀಕ್ಷೆ ಇದೇ. ಅದಕ್ಕೆ ಯಂತ್ರ ಬೇಡ, ಬೀಳುವವರನ್ನು ಹಿಡಿಯಲು ಪಕ್ಕದಲ್ಲಿ ಒಬ್ಬರು ನಿಂತರೆ ಸಾಕು. ಆಕೆ ನಿಂತರು. ಬಳಿಕ ಹೊಟ್ಟೆಯಿಂದ ಮೇಲಕ್ಕೆ ಸೂಜಿಮೊನೆ ತಾಗಿಸುತ್ತ ಹೋಗಿ, ಸಂವೇದನೆ ಬದಲಾಗುವ ಗೆರೆಯನ್ನು ಹುಡುಕಿ, ಎದೆಮಟ್ಟದ ಎಂಆರ್‌ಐಗೆ ಬರೆದುಕೊಟ್ಟರು.

ಅಲ್ಲಿತ್ತು ನೀರಿನ ಚೀಲ. ಬೆನ್ನುಹುರಿಯನ್ನು ಮೂರು ಪೊರೆಗಳು ಸುತ್ತಿಕೊಂಡಿರುತ್ತವೆ. ನಡುವಿನದು ಜೇಡರ ಬಲೆಯಷ್ಟು ತೆಳುವಾದ ಅರಾಕ್ನಾಯ್ಡ್. ಅದು ಹುರಿಯ ಸುತ್ತ ಸದಾ ಇರುವ ದ್ರವವನ್ನು ತುಂಬಿಕೊಂಡು ಚೀಲವಾಗಿ ಉಬ್ಬಿ, ಬೆರಳು ಗಾತ್ರದ ಹುರಿಯನ್ನು ಹಿಂದಿನಿಂದ ಒತ್ತಿ ಚಪ್ಪಟೆ ಮಾಡಿತ್ತು.

ಶಸ್ತ್ರಚಿಕಿತ್ಸಕರಿಗೆ ನಾನು ಋಣಿಯಾಗಿರುವುದು ಅವರ ಕೈಚಳಕಕ್ಕೆ ಮಾತ್ರವಲ್ಲ. ಭಾರ ಎತ್ತಿದ್ದರಿಂದ ಹೀಗಾಯಿತೇ ಎಂದು ನಾನು ರಾತ್ರಿಗಳನ್ನು ಕಳೆದಿದ್ದೆ. ಅವರು ಕುರ್ಚಿ ಎಳೆದುಕೊಂಡು ಕುಳಿತು ಹೇಳಿದರು: ಕೆಲವರಿಗೆ ಹುಟ್ಟಿನಿಂದಲೇ ಪೊರೆಯಲ್ಲಿ ದೋಷವಿರುತ್ತದೆ, ಕೆಲವರಿಗೆ ಬೆನ್ನಿಗೆ ಬಿದ್ದ ಪೆಟ್ಟು, ರಕ್ತಸ್ರಾವ, ಮೆನಿಂಜೈಟಿಸ್ (ಈ ಪೊರೆಗಳ ಉರಿಯೂತ) ಅಥವಾ ಹಿಂದಿನ ಶಸ್ತ್ರಚಿಕಿತ್ಸೆಯ ನಂತರ ಪೊರೆಗಳು ಅಂಟಿಕೊಂಡು ದ್ರವ ಕಟ್ಟಿಕೊಳ್ಳುತ್ತದೆ, ಎಷ್ಟೋ ಜನರಲ್ಲಿ ಕಾರಣವೇ ಸಿಗುವುದಿಲ್ಲ. “ನಿಮ್ಮಿಂದ ಆದದ್ದಲ್ಲ ಇದು.” ಆ ಮಾತಿಗೆ ನಾನು ಅತ್ತುಬಿಟ್ಟೆ.

ಅವರು ಕಶೇರುಗಳ ಹಿಂಬದಿಯ ಕಮಾನು ತೆರೆದು, ಹೊರಪೊರೆಯಾದ ಡ್ಯೂರಾವನ್ನು ಸೀಳಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಚೀಲದ ಗೋಡೆಯನ್ನು ಬಿಡಿಸಿದರು. ಹುರಿಗೆ ಅಂಟಿದ್ದ ಕಡೆ ಎಳೆಯಲಿಲ್ಲ. ಆ ತುಣುಕನ್ನು ಅಲ್ಲೇ ಬಿಟ್ಟು, ದ್ರವ ಸುತ್ತಲಿನ ದ್ರವದೊಡನೆ ಸೇರಿ ಹರಿಯುವಂತೆ ದಾರಿ ಮಾಡಿದರು. ಪೂರ್ತಿ ತೆಗೆಯಬೇಕೆಂಬ ಹಟಕ್ಕೆ ಬೀಳದ ಆ ಸಂಯಮದಿಂದಲೇ ನನ್ನ ಕಾಲು ಉಳಿಯಿತೆಂದು ನಂಬಿದ್ದೇನೆ.

ಆ ಐದು ಗಂಟೆಯೂ ಒಬ್ಬರು ಪರದೆಯಿಂದ ಕಣ್ಣು ಕೀಳದೆ ಕುಳಿತಿದ್ದರಂತೆ. ಕಾಲಿನಿಂದ ಮಿದುಳಿಗೆ, ಮಿದುಳಿನಿಂದ ಕಾಲಿಗೆ ವಿದ್ಯುತ್ ಸಂಕೇತಗಳು ತಲುಪುತ್ತಿವೆಯೇ ಎಂದು ನೋಡುವುದು ಅವರ ಕೆಲಸ. ಸಂಕೇತ ಕುಗ್ಗಿದರೆ ಶಸ್ತ್ರಚಿಕಿತ್ಸಕರು ಅಲ್ಲಿಗೇ ಕೈ ತಡೆಯುತ್ತಾರೆ. ನಾನು ಅರಿವಳಿಕೆಯಲ್ಲಿದ್ದೆ, ಅವರ ಮುಖವನ್ನೇ ನೋಡಿಲ್ಲ.

ಹೊಲಿಗೆಯಿಂದ ದ್ರವ ಸೋರಬಾರದೆಂದು ಎರಡು ದಿನ ಚಪ್ಪಟೆಯಾಗಿ ಮಲಗಿಸಿದ್ದರು. ಮರದ ದಿಮ್ಮಿಯನ್ನು ಉರುಳಿಸುವಂತೆ ನನ್ನನ್ನು ಒಟ್ಟಾಗಿ ಹೊರಳಿಸುತ್ತಿದ್ದ ರಾತ್ರಿಪಾಳಿಯ ದಾದಿಯರೇ, ನಿಮಗೆ ನಮಸ್ಕಾರ.

ಪಕ್ಕದ ಹಾಸಿಗೆಯ ಅಕ್ಕನಿಗೂ. ಅವರದು ಸಿರಿಂಗೊಮೈಲಿಯಾ: ಚೀಲ ಹೊರಗಲ್ಲ, ಹುರಿಯ ಒಳಗೇ ದ್ರವ ತುಂಬಿದ ಟೊಳ್ಳು. ಕಿರುಮಿದುಳಿನ ತುದಿ ತಲೆಬುರುಡೆಯ ಬುಡದ ರಂಧ್ರದಿಂದ ಕೆಳಗಿಳಿದು ದ್ರವದ ಹರಿವಿಗೆ ಅಡ್ಡಬಂದಿತ್ತು. ಕಿಯಾರಿ ದೋಷ ಎನ್ನುತ್ತಾರೆ. ಅವರಿಗೆ ತಲೆಯ ಹಿಂಭಾಗದ ಮೂಳೆಯನ್ನು ಸ್ವಲ್ಪ ತೆಗೆದು ಜಾಗ ಮಾಡಿದ್ದರು. ಕೈಗೆ ಬಿಸಿ ತಾಗಿದರೂ ಅವರಿಗೆ ನೋವು ತಿಳಿಯುತ್ತಿರಲಿಲ್ಲ, ಮುಟ್ಟಿದ್ದು ಮಾತ್ರ ತಿಳಿಯುತ್ತಿತ್ತು. ಸುಟ್ಟ ಗುರುತುಗಳಿದ್ದ ಆ ಕೈಯಿಂದಲೇ ನನ್ನ ಮೊದಲ ಹೆಜ್ಜೆಗೆ ಚಪ್ಪಾಳೆ ತಟ್ಟಿದರು.

ತಂಗಿಗೆ ಎಷ್ಟು ಹೇಳಿದರೂ ಮುಗಿಯದು. ಫಿಸಿಯೊಥೆರಪಿಯ ಆರು ತಿಂಗಳು ನನ್ನ ಹಿಂದೆಯೇ ನಡೆದವಳು ಅವಳು.

ಎಡಪಾದದ ಎರಡು ಬೆರಳು ಇನ್ನೂ ಮರಗಟ್ಟಿವೆ. ಚೀಲ ಮತ್ತೆ ತುಂಬಿಕೊಳ್ಳುವ ಸಾಧ್ಯತೆಯೂ ಇರುವುದರಿಂದ ಮುಂದಿನ ತಿಂಗಳು ಎಂಆರ್‌ಐ ಇದೆ. ಅಂದು ಪರದೆ ಕಾದವರ ಹೆಸರನ್ನು ಕೇಳಿ ತಿಳಿದುಕೊಂಡು, ಎದುರು ನಿಂತು ಕೈಮುಗಿದು ಬರುತ್ತೇನೆ.