ಮೆಕ್ಕೆಜೋಳದ ಸೀಸನ್‌ನಲ್ಲಿ ಮೂರು ಸಲ ಬಿದ್ದ ಸರ್ವರ್, ಐದು ತಿಂಗಳಾದರೂ ಹಾಕದ ಪ್ಯಾಚ್: ದೂರು

ದಾವಣಗೆರೆ
18 ನವೆಂಬರ್ 2019

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ನಮಸ್ಕಾರ.

ಇಲ್ಲಿನ ಎಪಿಎಂಸಿಯ ಆರು ದಲಾಲಿ ಅಂಗಡಿಗಳ ಬಿಲ್ಲಿಂಗ್ ನಾನು ಬರೆದ ಸಾಫ್ಟ್‌ವೇರ್‌ನಲ್ಲಿ ನಡೆಯುತ್ತದೆ. ಅದು ಇರುವುದು ನಿಮ್ಮಿಂದ ಬಾಡಿಗೆಗೆ ಪಡೆದ ಲಿನಕ್ಸ್ ಸರ್ವರ್‌ನಲ್ಲಿ. ಆಪರೇಟಿಂಗ್ ಸಿಸ್ಟಮ್‌ನ ಅಪ್‌ಡೇಟ್ ನೀವೇ ನೋಡಿಕೊಳ್ಳುತ್ತೀರಿ ಅಂತಲೇ ತಿಂಗಳಿಗೆ 900 ರೂಪಾಯಿ ಜಾಸ್ತಿ ಕಟ್ಟುತ್ತಿದ್ದೇನೆ.

ಕಳೆದ ವಾರ ಸರ್ವರ್ ಮೂರು ಸಲ ಬಿತ್ತು. ಮಂಗಳವಾರದ್ದು ಮರೆಯೋ ಹಾಗಿಲ್ಲ. ಬೆಳಿಗ್ಗೆ 11ರ ಹೊತ್ತು. ಜಗಳೂರು ಕಡೆಯ ಟ್ರ್ಯಾಕ್ಟರ್‌ಗಳು ಅಂಗಡಿ ಮುಂದೆ ಸಾಲಾಗಿ ನಿಂತಿದ್ದವು. ಹಮಾಲರು ಚೀಲ ಇಳಿಸಿ, ತೂಕವೂ ಮುಗಿದಿತ್ತು. ಪಟ್ಟಿ ಪ್ರಿಂಟ್ ಆಗ್ತಾ ಆಗ್ತಾ ಅರ್ಧಕ್ಕೇ ನಿಂತಿತು. ಗುಮಾಸ್ತರು ಹಳೇ ಕಾರ್ಬನ್ ಪುಸ್ತಕ ಹುಡುಕಿ, ದೂಳು ಕೊಡವಿ, ಕೈಯಲ್ಲೇ ಬರೆದರು. "ಕಂಪ್ಯೂಟರ್ ಬಂದ ಮೇಲೆ ಕಾಯೋದೇ ಜಾಸ್ತಿ ಆಯ್ತಲ್ಲಪ್ಪಾ" ಅಂದರು ಒಬ್ಬ ರೈತರು. ಸುಮ್ನೆ ತಲೆ ತಗ್ಗಿಸಿದೆ.

ನಿಮ್ಮವರಿಗೆ ಫೋನ್ ಮಾಡಿದರೆ, "ಟ್ರಾಫಿಕ್ ಜಾಸ್ತಿ ಆಗಿದೆ ಸರ್, ದೊಡ್ಡ ಪ್ಲಾನ್ ತಗೊಳ್ಳಿ" ಅಂದರು. ಆರು ಅಂಗಡಿಗೆ ಎಂಥ ಟ್ರಾಫಿಕ್ ಸ್ವಾಮಿ?

ರಾತ್ರಿ ಕೂತು ನಾನೇ ನೋಡಿದೆ. ಕನ್ಸೋಲ್ ತುಂಬ ಕರ್ನಲ್ ಪ್ಯಾನಿಕ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ಲೇ ಕೈಚೆಲ್ಲಿ ನಿಂತ ಸಂದೇಶ. ಕರ್ನಲ್ ಈ ವರ್ಷದ ಮಾರ್ಚ್‌ನದು. ಆದರೆ ಯಾವ ತುಂಡು ತಲುಪಿತು ಅಂತ ಆಚೆ ಕಡೆಗೆ ತಿಳಿಸುವ 'ಸ್ಯಾಕ್' ವ್ಯವಸ್ಥೆಗೆ ಸಂಬಂಧಿಸಿದ, ಲಿನಕ್ಸ್ ಕರ್ನಲ್‌ನ 'ಸ್ಯಾಕ್ ಪ್ಯಾನಿಕ್' ಎಂಬ ದೋಷವನ್ನು ನೆಟ್‌ಫ್ಲಿಕ್ಸ್‌ನವರು ಬಯಲು ಮಾಡಿದ್ದು ಜೂನ್ 17ಕ್ಕೆ. ದೋಷಗಳ ಪಟ್ಟಿಯಲ್ಲಿ ಅದಕ್ಕೆ ಸಿವಿಇ-2019-11477 ಅಂತ ನಂಬರ್. ಅದನ್ನು ಸರಿಪಡಿಸುವ ಪ್ಯಾಚ್ ಕೂಡ ಆಗಲೇ ಬಂತು.

ನಿಮ್ಮ ಫೋನಿನ ಹುಡುಗರಿಗೂ ತಿಳಿಯಲಿ ಅಂತ ಬರೆಯುತ್ತೇನೆ. ಆಚೆ ಕಡೆಯವನು "ನನಗೆ ತೀರಾ ಸಣ್ಣ ತುಂಡುಗಳಲ್ಲೇ ಕಳಿಸು" ಅಂತ 48 ಬೈಟ್‌ನ ಮಿತಿ ಹಾಕುತ್ತಾನೆ. ಅದರಲ್ಲಿ 40 ಬೈಟ್ ಆಪ್ಷನ್‌ಗಳಿಗೇ ಹೋದರೆ ಡೇಟಾಗೆ ಉಳಿಯುವುದು 8. ಕರ್ನಲ್‌ನ ಒಂದು ಕಟ್ಟಿನಲ್ಲಿ 32 ಕೆಬಿಯ 17 ಭಾಗ ಹಿಡಿಸುತ್ತವೆ. ಎಂಟೆಂಟಾಗಿ ಎಣಿಸಿದರೆ 69,632 ತುಂಡು. ಎಣಿಸುವ ಜಾಗ ಮಾತ್ರ 65,535ಕ್ಕೇ ಮುಗಿಯುತ್ತದೆ. ಮೂರಂಕಿ ಹಿಡಿಸುವ ಕಾಲಂನಲ್ಲಿ ಗುಮಾಸ್ತ ಸಾವಿರದ ಚೀಲ ಬರೆಯಲು ಹೋದ ಹಾಗೆ. ಲೆಕ್ಕ ತಪ್ಪಿತು ಅಂತ ಗೊತ್ತಾದ ತಕ್ಷಣ ಕರ್ನಲ್ ಇಡೀ ಯಂತ್ರವನ್ನೇ ನಿಲ್ಲಿಸಿಬಿಡುತ್ತದೆ. ಇದಕ್ಕೆ ಪಾಸ್‌ವರ್ಡ್ ಬೇಡ, ಲಾಗಿನ್ ಬೇಡ.

ನಮ್ಮಲ್ಲಿ ಆಗಿದ್ದು ಇದೇ ಅಂತ ಆಣೆ ಮಾಡಲಾರೆ. ಆದರೆ ಗುರುವಾರ ರಾತ್ರಿ ಟಿಸಿಪಿ ಸ್ಯಾಕ್ ಅನ್ನು 0 ಮಾಡಿ, ಅಂದರೆ ಆಫ್ ಮಾಡಿದ ಮೇಲೆ ಸರ್ವರ್ ಒಮ್ಮೆಯೂ ಬಿದ್ದಿಲ್ಲ. ಹಾಗಂತ ಇದೇ ಮದ್ದಲ್ಲ. ಸಿಗ್ನಲ್ ಸರಿಯಿಲ್ಲದ ಕಡೆ ಮೊಬೈಲಿನಲ್ಲಿ ಲೆಕ್ಕ ನೋಡುವವರಿಗೆ ಈಗ ಪೇಜ್ ಆಮೆ ನಡಿಗೆ. ಕಳೆದುಹೋದ ತುಂಡನ್ನಷ್ಟೇ ಮತ್ತೆ ತರಿಸುವ ಅನುಕೂಲವನ್ನೇ ನಾನು ನಿಲ್ಲಿಸಿದ್ದೇನೆ, ಅಲ್ವಾ?

ಈ ವಾರದೊಳಗೆ ಹೊಸ ಕರ್ನಲ್ ಹಾಕಿ. ರೀಬೂಟ್ ರಾತ್ರಿ 11ರ ನಂತರವೇ ಆಗಲಿ, ಅದಕ್ಕೂ ಮೊದಲು ನನಗೊಂದು ಫೋನ್ ಮಾಡಿ. ಜೂನ್‌ನಿಂದ ಈಚೆಗೆ ಅಪ್‌ಡೇಟ್ ಹೆಸರಿನಲ್ಲಿ ತೆಗೆದುಕೊಂಡ ಹಣ ವಾಪಸ್ ಬೇಕು. ಪ್ಯಾಚ್ ಯಾಕೆ ಹಾಕಲಿಲ್ಲ ಅನ್ನೋದು ಬರವಣಿಗೆಯಲ್ಲಿ ಬರಲಿ, ಅಂಗಡಿಯವರಿಗೆ ನಾನು ತೋರಿಸಬೇಕು. ದೊಡ್ಡ ಪ್ಲಾನಿನ ಮಾತು ಮತ್ತೆ ಬೇಡ.

ಇಂತಿ,
ನಿಮ್ಮ ಗ್ರಾಹಕ